ಕುರಿಗಳಲ್ಲಿ ಹಾರ್ಮೋನು ಪ್ರೇರಿತ ಅಂಡೋತ್ಸರ್ಗ ಮತ್ತು ಮರಿಗಳ ಸಂಖ್ಯೆ

ಗದಗ ಜಿಲ್ಲೆ ರೋಣ ತಾಲ್ಲೂಕಿನ ಸವಡಿ ಹಾಗೂ ಸುತ್ತಲಿನ ಎರೆಭೂಮಿ ಪ್ರದೇಶದಲ್ಲಿ ಬೇಸಾಯದೊಂದಿಗೆ ಕುರಿ ಸಾಕಣೆಯೂ ಜೀವನಾಧಾರವಾಗಿದೆ. ಉತ್ತರ ಕರ್ನಾಟಕದ ದಖ್ಖನಿ ತಳಿಯ ಕುರಿಯು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಈಯುತ್ತದೆ. ಅವಳಿ ಮರಿಗಳ ಅಪೇಕ್ಷೆಯಿಂದ ಹಾರ್ಮೋನು ಬಳಸುವ ಮೊದಲು ಅದರ ಪ್ರಯೋಜನ ಮತ್ತು ಮಿತಿಗಳನ್ನು ಕುರಿಗಾರರು ಅರಿತಿರುವುದು ಅವಶ್ಯಕ.

ವಿಧಾನ: ಕುರಿಯ ಬೆದೆಚಕ್ರವು ಸುಮಾರು 17 ದಿನಗಳದ್ದಾಗಿರುತ್ತದೆ. ಪ್ರೊಜೆಸ್ಟರೋನ್ ವರ್ಗದ ಹಾರ್ಮೋನುಳ್ಳ ಸ್ಪಂಜನ್ನು ಯೋನಿಯಲ್ಲಿ 12ರಿಂದ 14 ದಿನಗಳವರೆಗೆ ಇರಿಸಲಾಗುತ್ತದೆ. ಅದನ್ನು ತೆಗೆಯುವಾಗ, ಗಬ್ಬದ ಕುದುರೆಯ ರಕ್ತದಿಂದ ಪಡೆದ ಪಿ.ಎಂ.ಎಸ್.ಜಿ. ಹಾರ್ಮೋನಿನ ಚುಚ್ಚುಮದ್ದು ನೀಡಲಾಗುತ್ತದೆ. ಹೆಚ್ಚಿನ ಕುರಿಗಳು ಒಂದೆರಡು ದಿನಗಳಲ್ಲಿ ಒಟ್ಟಿಗೆ ಬೆದೆಗೆ ಬರುತ್ತವೆ. ಪ್ರಮಾಣ ಹೆಚ್ಚಿದಂತೆ ಬಿಡುಗಡೆಯಾಗುವ ಅಂಡಗಳೂ ಹೆಚ್ಚುತ್ತವೆ. ಆದರೆ ಪರಿಣಾಮವು ಎಲ್ಲ ಕುರಿಗಳಲ್ಲಿ ಏಕರೂಪವಾಗಿರುವುದಿಲ್ಲ.

ಇಲಿಗಳ ಅಧ್ಯಯನದಿಂದ ತಿಳಿದ ಅಂಶ: ಅಂಡಗಳು ಹೆಚ್ಚಿದರೆ ಮರಿಗಳೂ ಅಷ್ಟೇ ಹೆಚ್ಚುವುದಿಲ್ಲವೆಂಬುದು ಪ್ರಯೋಗಾಲಯದ ಇಲಿಗಳಲ್ಲಿ ಸ್ಪಷ್ಟವಾಗಿದೆ. ಬೆಳೆದ ಇಲಿಗಳಲ್ಲಿ ಈ ವಿಧಾನವನ್ನು ಫೌಲರ್ ಮತ್ತು ಎಡ್ವರ್ಡ್ಸ್ 1957ರಲ್ಲಿ ವರದಿ ಮಾಡಿದರು. ಇಲಿಗೆ ಪಿ.ಎಂ.ಎಸ್.ಜಿ. ನೀಡಿ, ಸುಮಾರು 48 ಗಂಟೆಗಳ ನಂತರ ಎಚ್.ಸಿ.ಜಿ. ಎಂಬ ಮತ್ತೊಂದು ಹಾರ್ಮೋನನ್ನು ಕೊಟ್ಟರೆ ಸಹಜಕ್ಕಿಂತ ಹಲವು ಪಟ್ಟು ಅಂಡಗಳು ಹೊರಬರಬಹುದು. ಆದರೆ ಗರ್ಭಕೋಶದಲ್ಲಿ ಭ್ರೂಣಗಳ ದಟ್ಟಣೆಯಾದಾಗ ಅನೇಕ ಭ್ರೂಣಗಳು ನಾಶವಾಗುತ್ತವೆ. ಉಳಿದವುಗಳ ತೂಕವೂ ಕಡಿಮೆಯಿರುತ್ತದೆ.

ಮಿತಿಗಳು: ಕುರಿಗೆ ಎರಡೇ ಮೊಲೆತೊಟ್ಟುಗಳಿದ್ದು, ಮೂರನೆಯ ಮರಿಗೆ ಹಾಲು ಸಾಲದೆ ಹೋಗುವ ಸಂಭವವಿದೆ. ಸುಮಾರು 150 ದಿನಗಳ ಗಬ್ಬದ ಅವಧಿಯಲ್ಲಿ ಮರಿಯ ಬೆಳವಣಿಗೆಯ ಬಹುಪಾಲು ಕೊನೆಯ ಆರು ವಾರಗಳಲ್ಲಿ ಆಗುತ್ತದೆ. ಈ ಸಮಯದಲ್ಲಿ ಮೇವಿನ ಕೊರತೆಯಾದರೆ ಅವಳಿ ಮರಿ ಹೊತ್ತ ಕುರಿಯು ಗರ್ಭನಂಜಿಗೆ ತುತ್ತಾಗಿ, ತಾಯಿ ಮತ್ತು ಮರಿಗಳೆಲ್ಲವೂ ಸಾಯಬಹುದು. ಆದ್ದರಿಂದ ಬೇಸಿಗೆಯಲ್ಲಿ ಈಯುವಂತೆ ಬೆದೆಗೆ ತರುವುದು ಸೂಕ್ತವಲ್ಲ.

ಪರ್ಯಾಯ ಮಾರ್ಗ: ಮಹಾರಾಷ್ಟ್ರದ ಫಲಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯು ಪಶ್ಚಿಮ ಬಂಗಾಳದ ಗರೋಲ್ ಕುರಿಯ ಅವಳಿ ಈಯುವ ವಂಶವಾಹಿಯನ್ನು ದಖ್ಖನಿ ಕುರಿಗಳಿಗೆ ತಂದು ‘ನಾರಿ ಸುವರ್ಣ’ ತಳಿಯನ್ನು ರೂಪಿಸಿದೆ. ಈ ಗುಣವು ವಂಶಪಾರಂಪರ್ಯವಾದುದರಿಂದ ಅವಳಿ ಮರಿಗಳಿಗಾಗಿ ಪ್ರತಿ ಸಲ ಚುಚ್ಚುಮದ್ದು ಬೇಕಾಗುವುದಿಲ್ಲ; ಆದರೆ ಪೋಷಣೆಯ ಅಗತ್ಯ ಅಷ್ಟೇ ಇರುತ್ತದೆ.

ಹಿಂಡಿನ ಲಾಭವನ್ನು ಹುಟ್ಟಿದ ಮರಿಗಳಿಂದಲ್ಲ, ಬದುಕಿ ಬೆಳೆದ ಮರಿಗಳಿಂದ ಅಳೆಯಬೇಕು. ಹಾರ್ಮೋನು ಚಿಕಿತ್ಸೆಯನ್ನು ಪಶುವೈದ್ಯಾಧಿಕಾರಿಗಳ ಮೂಲಕವೇ ಮಾಡಿಸತಕ್ಕದ್ದು.