ನುಗ್ಗೆ ಮತ್ತು ಕರಿಬೇವು: ಸವರುವ ಕಾಲ ಹಾಗೂ ಕ್ರಮ

ಹಡಗಲಿಯ ಮಲ್ಲಿಗೆ ಬೆಳೆಗಾರರಿಗೆ ಸವರುವಿಕೆಯ ಮಹತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹಳೆಯ ಕೊಂಬೆಗಳನ್ನು ಸವರದಿದ್ದರೆ ಹುಲುಸಾದ ಚಿಗುರಿಲ್ಲ, ಚಿಗುರಿಲ್ಲದಿದ್ದರೆ ಮೊಗ್ಗಿಲ್ಲ. ದಾಳಿಂಬೆ ತೋಟಗಳಲ್ಲಿಯೂ ‘ಚಾಟನಿ’ ಇಲ್ಲದೆ ಬೆಳೆ ಆರಂಭವಾಗುವುದಿಲ್ಲ. ಆದರೆ ಅದೇ ರೈತರ ಹೊಲದ ನುಗ್ಗೆ ಮಾತ್ರ ಕತ್ತಿ ಕಾಣದೆ ಎತ್ತರಕ್ಕೆ ಬೆಳೆಯುತ್ತದೆ. ಕಾಯಿ ಕೈಗೆ ಸಿಗುವುದಿಲ್ಲ, ಪೆಡಸಾದ ಕೊಂಬೆ ಗಾಳಿಗೆ ಮುರಿಯುತ್ತದೆ, ಮರ ಹತ್ತಿದವರು ಬಿದ್ದು ಗಾಯಗೊಳ್ಳುವ ಅಪಾಯವೂ ಇದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಒಣ ಹವೆಗೆ ಹೊಂದುವ ನುಗ್ಗೆ ಮತ್ತು ಕರಿಬೇವು ಬೆಳೆಗಳಲ್ಲಿ ಸವರುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಸವರುವ ಮುನ್ನ ನೀರಿನ ಲೆಕ್ಕ

ಎಲೆಗಳನ್ನು ಕಳೆದುಕೊಂಡ ಗಿಡವು ಬೇರು ಮತ್ತು ಕಾಂಡದಲ್ಲಿ ಕೂಡಿಟ್ಟ ಆಹಾರದಿಂದಲೇ ಹೊಸ ಚಿಗುರನ್ನು ಹೊರಡಿಸುತ್ತದೆ. ಆ ಚಿಗುರು ಬಲಿತು ಎಲೆ ಬಿಡುವವರೆಗೆ ಗಿಡಕ್ಕೆ ಬೇರೆ ಆದಾಯವಿಲ್ಲ. ಈ ಅವಧಿಯಲ್ಲಿ ತೇವಾಂಶ ಕೊರತೆಯಾದರೆ ಚಿಗುರು ಬಾಡಿ, ಗಿಡವು ಸೊರಗುತ್ತದೆ. ಆದ್ದರಿಂದ ಮುಂದಿನ ಆರು ವಾರಗಳಿಗೆ ಬೇಕಾದ ನೀರು ಮತ್ತು ಗೊಬ್ಬರ ಕೈಯಲ್ಲಿದ್ದಾಗ ಮಾತ್ರ ಸವರಬೇಕು. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತುವ ಹೊಲಗಳಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಸವರುವುದು ಸರ್ವಥಾ ಸಲ್ಲದು. ತೇವ ಬೇಗ ಆರುವ ಮಸಾರಿ ಭೂಮಿಯಲ್ಲಿ ಈ ಎಚ್ಚರಿಕೆ ಹೆಚ್ಚು ಅಗತ್ಯ. ಎರೆ ಭೂಮಿಯಲ್ಲಿ ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ಇರಲಿ.

ನುಗ್ಗೆ: ಮೊದಲ ವರ್ಷ

ಬೀಜದಿಂದ ಬೆಳೆಸುವ ಪಿ.ಕೆ.ಎಂ-1 ಮತ್ತು ಭಾಗ್ಯ ತಳಿಗಳು ಬಿತ್ತಿದ ವರ್ಷದಲ್ಲಿಯೇ ಕಾಯಿ ಬಿಡುತ್ತವೆ. ಗಿಡವು ಸುಮಾರು 75 ಸೆಂ.ಮೀ. (ಎರಡೂವರೆ ಅಡಿ) ಎತ್ತರವಾದಾಗ, ಅಂದರೆ ಬಿತ್ತಿದ ಸುಮಾರು ಎರಡು ತಿಂಗಳಿಗೆ, ತುದಿ ಕುಡಿಯನ್ನು ಚಿವುಟಬೇಕು. ತುದಿ ಕುಡಿ ಇರುವವರೆಗೆ ಅದು ಕೆಳಗಿನ ಮೊಗ್ಗುಗಳನ್ನು ತಡೆಹಿಡಿದಿರುತ್ತದೆ. ಚಿವುಟಿದೊಡನೆ ಪಕ್ಕದ ಕೊಂಬೆಗಳು ಹೊರಡುತ್ತವೆ. ಕೊಂಬೆ ಹೆಚ್ಚಿದಂತೆ ಹೂಗೊಂಚಲು ಹೆಚ್ಚುತ್ತದೆ. ಈ ಕೆಲಸಕ್ಕೆ ಉಗುರೇ ಸಾಕು, ಖರ್ಚಿಲ್ಲ. ಆದರೂ ಬಹುಪಾಲು ತೋಟಗಳಲ್ಲಿ ಬಿಟ್ಟುಹೋಗುವುದು ಇದೇ ಕೆಲಸ.

ನುಗ್ಗೆ: ಕೂಳೆ ಬೆಳೆಗಾಗಿ ಸವರುವಿಕೆ

ಕೊಯ್ಲು ಮುಗಿದ ಮೇಲೆ ಗಿಡವನ್ನು ನೆಲದಿಂದ 90 ಸೆಂ.ಮೀ. (ಮೂರು ಅಡಿ) ಎತ್ತರಕ್ಕೆ ಕತ್ತರಿಸಿದರೆ 4ರಿಂದ 5 ತಿಂಗಳಲ್ಲಿ ಕೂಳೆ ಬೆಳೆ ಕಾಯಿಗೆ ಬರುತ್ತದೆ. ಹೀಗೆ ಒಂದೇ ಗಿಡದಿಂದ ಮೂರು ಕೂಳೆ ಬೆಳೆ ಪಡೆಯಬಹುದು.

1. ಹರಿತವಾದ ಗರಗಸ ಅಥವಾ ಕತ್ತರಿಯನ್ನೇ ಬಳಸಿರಿ. ಮೊಂಡು ಮಚ್ಚಿನ ಏಟಿಗೆ ಕಾಂಡ ಸೀಳುತ್ತದೆ, ಸೀಳಿನಲ್ಲಿ ಕೊಳೆರೋಗ ಸೇರುತ್ತದೆ.
2. ಮಳೆನೀರು ಜಾರಿಹೋಗುವಂತೆ ಓರೆಯಾಗಿ ಕತ್ತರಿಸಿರಿ.
3. ಕತ್ತರಿಸಿದ ಭಾಗಕ್ಕೆ ಅದೇ ದಿನ ಬೋರ್ಡೋ ಮುಲಾಮು ಲೇಪಿಸಿರಿ. 100 ಗ್ರಾಂ ಮೈಲುತುತ್ತ ಮತ್ತು 100 ಗ್ರಾಂ ಸುಣ್ಣವನ್ನು ಪ್ಲಾಸ್ಟಿಕ್ ಪಾತ್ರೆಗಳಲ್ಲಿ ತಲಾ ಅರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ನಂತರ ಬೆರೆಸಿದರೆ ಮುಲಾಮು ಸಿದ್ಧ. ಕಬ್ಬಿಣದ ಪಾತ್ರೆ ಬಳಸಬಾರದು.
4. ಚಿಗುರುಗಳು ಗುಂಪಾಗಿ ಹೊರಟಾಗ ಸುತ್ತಲೂ ಹರಡಿದ 4ರಿಂದ 6 ದೃಢ ಚಿಗುರುಗಳನ್ನು ಉಳಿಸಿ, ಉಳಿದವನ್ನು ತೆಗೆಯಿರಿ. ಎಲ್ಲವನ್ನೂ ಬಿಟ್ಟರೆ ಕೊಂಬೆ ಸಣಕಲಾಗಿ ಕಾಯಿಯ ಭಾರ ತಾಳುವುದಿಲ್ಲ.
5. ಕತ್ತರಿಸಿದ ಒಂದು ವಾರದೊಳಗೆ ಪ್ರತಿ ಗಿಡಕ್ಕೆ 25 ಕಿ.ಗ್ರಾಂ. ಕೊಟ್ಟಿಗೆ ಗೊಬ್ಬರದೊಂದಿಗೆ 45 ಗ್ರಾಂ ಸಾರಜನಕ, 15 ಗ್ರಾಂ ರಂಜಕ ಮತ್ತು 30 ಗ್ರಾಂ ಪೊಟ್ಯಾಷ್ ಒದಗಿಸಿ ನೀರು ಕೊಡಿರಿ. ಇದು ಸುಮಾರು 98 ಗ್ರಾಂ ಯೂರಿಯಾ, 94 ಗ್ರಾಂ ಸಿಂಗಲ್ ಸೂಪರ್ ಫಾಸ್ಫೇಟ್ ಹಾಗೂ 50 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ಗೆ ಸಮ. 2.5 × 2.5 ಮೀಟರ್ ಅಂತರದಲ್ಲಿ ಎಕರೆಗೆ 640 ಗಿಡಗಳಿದ್ದಲ್ಲಿ ಕ್ರಮವಾಗಿ 63, 60 ಮತ್ತು 32 ಕಿ.ಗ್ರಾಂ. ಬೇಕಾಗುತ್ತದೆ. ಮಣ್ಣು ಪರೀಕ್ಷೆಯ ವರದಿ ಇದ್ದರೆ ಅದರಂತೆ ಪ್ರಮಾಣವನ್ನು ಹೊಂದಿಸಿಕೊಳ್ಳಿರಿ.
6. ಎಲೆಯಿಲ್ಲದ ಗಿಡ ನೀರನ್ನು ಕಡಿಮೆ ಹೀರುತ್ತದೆ. ಚಿಗುರೊಡೆಯುವವರೆಗೆ ಹದವಾಗಿ ನೀರು ಕೊಟ್ಟು, ನಂತರ ಹೆಚ್ಚಿಸಿರಿ.

ಯಾವ ತಿಂಗಳಲ್ಲಿ ಸವರಬೇಕು?

ಕಾಯಿ ಬೇಕಾದ ತಿಂಗಳಿನಿಂದ ಐದು ತಿಂಗಳು ಹಿಂದಕ್ಕೆ ಎಣಿಸಿರಿ. ಆ ತಿಂಗಳಲ್ಲಿ ಹೊಲದಲ್ಲಿ ನೀರಿದೆಯೇ ಎಂದು ನೋಡಿರಿ. ಎರಡೂ ಹೊಂದಿದರೆ ಅದೇ ಸರಿಯಾದ ಕಾಲ. ಮಳೆಯನ್ನೇ ನೆಚ್ಚಿದವರು ಬೇಸಿಗೆ ಕೊಯ್ಲಿನ ನಂತರ ತಕ್ಷಣ ಕತ್ತರಿಸದೆ, ಮುಂಗಾರಿನ ಹದ ಮಳೆಗಾಗಿ ಕಾಯುವುದು ಲೇಸು. ಇದರಲ್ಲಿ ಒಂದು ಕೊರತೆಯೂ ಇದೆ: ಹೂ ಬಿಡುವ ಹೊತ್ತಿಗೆ ಸೆಪ್ಟೆಂಬರ್–ಅಕ್ಟೋಬರ್ ಮಳೆ ಜೋರಾದರೆ ಹೂ ಉದುರುತ್ತದೆ. ಆದರೂ ಗಿಡವನ್ನೇ ಕಳೆದುಕೊಳ್ಳುವುದಕ್ಕಿಂತ ಇದು ಸಣ್ಣ ನಷ್ಟ. ವರ್ಷವಿಡೀ ಹನಿ ನೀರಾವರಿ ಇರುವವರು ತೋಟವನ್ನು ಎರಡು ಭಾಗ ಮಾಡಿ, ಒಂದು ತಿಂಗಳ ಅಂತರದಲ್ಲಿ ಸವರಿದರೆ ಕಾಯಿಯೆಲ್ಲ ಒಮ್ಮೆಗೇ ಮಾರುಕಟ್ಟೆಗೆ ಬಂದು ಬೆಲೆ ಕುಸಿಯುವ ತೊಂದರೆ ತಗ್ಗುತ್ತದೆ. ಕೂಲಿಯಾಳುಗಳ ಒತ್ತಡವೂ ಹಂಚಿಹೋಗುತ್ತದೆ.

ಕರಿಬೇವು

ಕರಿಬೇವಿನಲ್ಲಿ ಕೊಯ್ಲೇ ಸವರುವಿಕೆ. ಗಿಡವು ಒಂದು ಮೀಟರ್ ಎತ್ತರವಾದಾಗ ತುದಿಯನ್ನು ಕತ್ತರಿಸಿ, ಬುಡದಿಂದ 5ರಿಂದ 6 ಕೊಂಬೆಗಳ ಪೊದೆಯನ್ನು ರೂಪಿಸಬೇಕು. ಮೊದಲ ವರ್ಷದ ಕೊನೆಗೆ ಕೊಯ್ಲು ಆರಂಭಿಸಿ, ನಂತರ 3ರಿಂದ 4 ತಿಂಗಳಿಗೊಮ್ಮೆ ಕೊಯ್ಯಬಹುದು. ಹೂಗೊಂಚಲು ಕಂಡೊಡನೆ ತೆಗೆಯಿರಿ. ಹೂವು ಕಾಯಿಯಾದರೆ ಎಲೆ ಕಡಿಮೆಯಾಗುತ್ತದೆ. ಎಲೆಯನ್ನು ಮಾತ್ರ ಉದುರಿಸದೆ ಕೊಂಬೆಯನ್ನು ಕತ್ತರಿಯಿಂದ ಕತ್ತರಿಸಬೇಕು. ಧಾರವಾಡದ ಡಿ.ಡಬ್ಲ್ಯೂ.ಡಿ-1 ತಳಿಯು ಚಳಿಗಾಲದಲ್ಲಿ ನಿಧಾನವಾಗಿ ಚಿಗುರುತ್ತದೆ, ಡಿ.ಡಬ್ಲ್ಯೂ.ಡಿ-2 ತಳಿಗೆ ಈ ತೊಂದರೆ ಇಲ್ಲ. ಎಳೆ ಚಿಗುರಿಗೆ ಬೀಳುವ ಸಿಲ್ಲಿಡ್ ಕೀಟಕ್ಕೆ ಶೇ. 5ರ ಬೇವಿನ ಬೀಜದ ಕಷಾಯ ಸಿಂಪಡಿಸಿರಿ. ಎಲೆಯೇ ನೇರವಾಗಿ ಅಡುಗೆಗೆ ಸೇರುವುದರಿಂದ ಕೊಯ್ಲಿನ ಸಮೀಪದಲ್ಲಿ ರಾಸಾಯನಿಕ ಕೀಟನಾಶಕವನ್ನು ಬಳಸಲೇಬಾರದು.

ಹಿತ್ತಲು, ಕುಂಡ ಮತ್ತು ಜಲಕೃಷಿ

ಪುದೀನ, ಕಾಮಕಸ್ತೂರಿ ಮೊದಲಾದವುಗಳಿಗೂ ನಿಯಮ ಇದೇ. ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿಸಿರಿ, ಒಮ್ಮೆಗೆ ಮೂರನೆಯ ಒಂದು ಭಾಗವನ್ನು ಮೀರದಿರಿ, ಹೂತೆನೆಯನ್ನು ಚಿವುಟಿರಿ. ಮನೆಯೊಳಗಿನ ಜಲಕೃಷಿಯಲ್ಲಿ ಕತ್ತರಿಸಿದ ಎಲೆಗಳು ಪೋಷಕ ದ್ರಾವಣಕ್ಕೆ ಬೀಳದಂತೆ ನೋಡಿಕೊಳ್ಳಿರಿ. ಅವು ಕೊಳೆತು ಬೇರಿಗೆ ರೋಗ ತರುತ್ತವೆ.

ಕತ್ತರಿಸಿದ ಸೊಪ್ಪು

ನುಗ್ಗೆಯ ಎಳೆ ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ ಮನೆಗೆ ಬಳಸಬಹುದು. ಉಳಿದದ್ದು ಆಡು-ಕುರಿಗಳಿಗೆ ಉತ್ತಮ ಮೇವು. ಇತ್ತೀಚೆಗೆ ಕೀಟನಾಶಕ ಸಿಂಪಡಿಸಿದ್ದರೆ ಎರಡಕ್ಕೂ ಬಳಸಬಾರದು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಪ್ರಾತ್ಯಕ್ಷಿಕೆಯಲ್ಲಿ ಇಡೀ ತೋಟವನ್ನು ಸವರಿಸಬೇಡಿರಿ. ಒಂದೇ ಸಾಲಿನ ಹತ್ತು ಗಿಡಗಳನ್ನು ಸವರಿ, ಪಕ್ಕದ ಹತ್ತನ್ನು ಹಾಗೆಯೇ ಬಿಟ್ಟು, ಕಾಯಿಯ ಸಂಖ್ಯೆ ಮತ್ತು ಕೊಯ್ಲಿನ ಕೂಲಿಯನ್ನು ರೈತರಿಂದಲೇ ಬರೆಸಿರಿ. ಫಲ ಹೊತ್ತ ಮರವನ್ನು ಕಡಿಯಲು ಯಾರಿಗೂ ಸುಲಭಕ್ಕೆ ಮನಸ್ಸು ಬರುವುದಿಲ್ಲ. ಅವರದೇ ಹೊಲದ ಲೆಕ್ಕ ಅವರನ್ನು ಒಪ್ಪಿಸುತ್ತದೆ.

ಹೆಚ್ಚಿನ ಮಾಹಿತಿಗಾಗಿ ಹಗರಿಯ ಕೃಷಿ ವಿಜ್ಞಾನ ಕೇಂದ್ರ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ತಾಲ್ಲೂಕು ತೋಟಗಾರಿಕೆ ಕಚೇರಿಯನ್ನು ಸಂಪರ್ಕಿಸಿರಿ.