ಬಿಳಿ ಕಂಬದ ಮುಂದೆ ಸ್ನಾರ್ಕೆಲಿಂಗ್: ಕೆಯಲಕೆಕುವ ಕೊಲ್ಲಿಯ ಕಥೆ

1/7
ಹವಾಯಿಯ ಬಿಗ್ ಐಲೆಂಡ್‌ನ ಪಶ್ಚಿಮ ತೀರದಲ್ಲಿ ಕೆಯಲಕೆಕುವ ಅಂತ ಒಂದು ಕೊಲ್ಲಿ ಇದೆ. ಹೆಸರಿನ ಅರ್ಥ ‘ದೇವರ ದಾರಿ’. ಬೆಳಿಗ್ಗೆಯೇ ಟೂರ್ ದೋಣಿಗಳು ಬರ್ತವೆ. ಜನ ಮಾಸ್ಕ್ ಹಾಕ್ಕೊಂಡು, ಬಾಯಿಗೆ ಕೊಳವೆ ಸಿಕ್ಕಿಸ್ಕೊಂಡು ನೀರಿಗಿಳಿದ್ರೆ ಕೆಳಗೆ ಹವಳದ ದಿಬ್ಬ, ಹಳದಿ ಮೀನಿನ ಹಿಂಡು. ಮಧ್ಯಾಹ್ನದ ಹೊತ್ತಿಗೆ ವಾಪಸ್.

ಅಲ್ಲಿ ತೆಗೆದ ಫೋಟೊಗಳಲ್ಲಿ ದಂಡೆಯ ಮೇಲೊಂದು ಬಿಳಿ ಕಂಬ ಕಾಣಿಸುತ್ತೆ, ಗಮನಿಸಿ. ಅದು ಕ್ಯಾಪ್ಟನ್ ಜೇಮ್ಸ್ ಕುಕ್ ಸ್ಮಾರಕ. ಬ್ರಿಟಿಷರು 1874ರಲ್ಲಿ ನಿಲ್ಲಿಸಿದ್ದು. ಕ್ವಿಜ್‌ನಲ್ಲಿ ‘ಹವಾಯಿ ಕಂಡುಹಿಡಿದವನು ಯಾರು?’ ಅಂತ ಕೇಳ್ತಾರಲ್ಲ, ಅದೇ ಕುಕ್. ಅವನು ಸತ್ತಿದ್ದು ಈ ಕಂಬದ ಹತ್ತಿರವೇ. ಯಾಕೆ ಸತ್ತ ಅನ್ನೋದನ್ನ ಮಾತ್ರ ಕ್ವಿಜ್‌ನಲ್ಲಿ ಯಾರೂ ಕೇಳಲ್ಲ.

2/7
ಮೊದಲು ಒಂದು ವಿಷಯ. ಕುಕ್ ‘ಕಂಡುಹಿಡಿಯೋ’ ಹೊತ್ತಿಗೆ ಹವಾಯಿಯಲ್ಲಿ ಜನ ನೂರಾರು ವರ್ಷಗಳಿಂದ ಬದುಕ್ತಾ ಇದ್ರು. ಈ ಕೊಲ್ಲಿಯ ಉತ್ತರಕ್ಕೆ ಕಾವಲೋವಾ, ಅಲ್ಲಿ ಅರಸರ ಮನೆಗಳು. ದಕ್ಷಿಣಕ್ಕೆ ನಾಪೋಪೋ, ಅಲ್ಲಿ ಪುರೋಹಿತರು ಮತ್ತು ಹಿಕಿಯಾವ್ ಅನ್ನೋ ಕಲ್ಲಿನ ದೇಗುಲ. ನಡುವೆ ಎತ್ತರದ ಬಂಡೆಗೋಡೆ. ಅದರ ಗುಹೆಗಳಲ್ಲಿ ಹಿಂದಿನ ಅರಸರ ಮೂಳೆಗಳನ್ನ ಗುಟ್ಟಾಗಿ ಇಡ್ತಿದ್ರು.

ಎಲ್ಲದಕ್ಕೂ ‘ಕಪು’ ಅನ್ನೋ ಕಟ್ಟಳೆ ಇತ್ತು. ಯಾವ ಜಾಗಕ್ಕೆ ಯಾರು ಕಾಲಿಡಬಹುದು, ಯಾವ ಮೀನನ್ನ ಯಾವ ತಿಂಗಳು ಹಿಡೀಬಾರದು, ಎಲ್ಲ ಅದರಲ್ಲೇ ತೀರ್ಮಾನ. ಮುರಿದ್ರೆ ಪ್ರಾಣಕ್ಕೇ ಕುತ್ತು.

3/7
1779ರ ಜನವರಿ 17. ರೆಸಲ್ಯೂಷನ್, ಡಿಸ್ಕವರಿ ಅನ್ನೋ ಎರಡು ಹಡಗು ಕೊಲ್ಲಿಗೆ ಬಂದವು. ಅದು ಮಕಹಿಕಿ ಹಬ್ಬದ ಕಾಲ. ಫಲವತ್ತತೆಯ ದೇವರು ಲೋನೋನ ಹಬ್ಬ, ತಿಂಗಳುಗಟ್ಟಲೆ ನಡೆಯೋದು. ಆಗ ಯುದ್ಧ ಬಂದ್. ಆಟ, ಕುಣಿತ, ಕಾಣಿಕೆ. ಲೋನೋನ ಗುರುತು ಉದ್ದದ ಕೋಲು, ಅದರ ಅಡ್ಡಪಟ್ಟಿಗೆ ಕಟ್ಟಿದ ಬಿಳಿ ಬಟ್ಟೆ. ಹಡಗಿನ ಹಾಯಿಯೂ ದೂರಕ್ಕೆ ಹಾಗೇ ಕಾಣುತ್ತೆ!

ನೂರಾರು ದೋಣಿಗಳಲ್ಲಿ ಜನ ಎದುರುಗೊಂಡರು. ಪುರೋಹಿತರು ಕುಕ್‌ನನ್ನ ಹಿಕಿಯಾವ್‌ಗೆ ಕರ್ಕೊಂಡು ಹೋಗಿ ಪೂಜಾವಿಧಿ ಮಾಡಿದ್ರು. ಹಂದಿ, ಗೆಣಸು, ಹಣ್ಣು ಹಡಗಿಗೆ ಬರ್ತಾನೇ ಇತ್ತು.

ಅವನನ್ನ ನಿಜವಾಗ್ಲೂ ದೇವರು ಅಂದ್ಕೊಂಡ್ರಾ? ಇದರ ಮೇಲೆ ದೊಡ್ಡ ಜಗಳವೇ ಇದೆ. ಲೋನೋನ ರೂಪ ಅಂತಲೇ ಕಂಡರು ಅಂತ ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಷಲ್ ಸಾಹ್ಲಿನ್ಸ್ ವಾದ. ‘ಬಿಳಿಯರನ್ನ ನೋಡಿದ ಕೂಡಲೇ ದೇವರು ಅಂದ್ಕೊಂಡ್ರು’ ಅನ್ನೋದು ಯುರೋಪಿಯನ್ನರೇ ಕಟ್ಟಿದ ಕಥೆ ಅಂತ 1992ರಲ್ಲಿ ಪುಸ್ತಕ ಬರೆದವರು ಶ್ರೀಲಂಕಾದ ಗಣನಾಥ ಒಬೆಯಸೇಕರ. ಹವಾಯಿಯವರಿಗೂ ನಮ್ಮಷ್ಟೇ ಬುದ್ಧಿ ಇತ್ತಲ್ವಾ ಅನ್ನೋದು ಅವರ ಪ್ರಶ್ನೆಯ ತಿರುಳು.

4/7
ದೇವರೋ ಅಲ್ಲವೋ, ಅತಿಥಿ ಅಂತೂ ಹೌದು. ಅತಿಥಿಗಳು ಏನು ಮಾಡಿದ್ರು? ಹೊರಡೋ ಮುಂಚೆ ಸೌದೆಗೆ ಅಂತ ದೇಗುಲದ ಮರದ ಬೇಲಿಯನ್ನೇ ತಗೊಂಡ್ರು, ಜೊತೆಗೆ ಕೆತ್ತಿದ ಮೂರ್ತಿಗಳೂ ಹೋದವು. ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ. ಇವರು ಕಿತ್ತುಕೊಂಡೇ ಹೋದ್ರು.

ಫೆಬ್ರುವರಿ 4ಕ್ಕೆ ಹೊರಟ ಹಡಗುಗಳು 11ಕ್ಕೆ ವಾಪಸ್! ಬಿರುಗಾಳಿಗೆ ರೆಸಲ್ಯೂಷನ್‌ನ ಮುಂದಿನ ಕಂಬ ಹಾಳಾಗಿತ್ತು. ಈ ಸಲ ಸ್ವಾಗತ ತಣ್ಣಗಿತ್ತು. ಹಬ್ಬ ಮುಗಿದಿತ್ತು. ಕಳ್ಳತನ, ಕೈಕೈ ಮಿಲಾಯಿಸೋದು ಶುರುವಾಯ್ತು. 13ರ ರಾತ್ರಿ ಡಿಸ್ಕವರಿಯ ದೊಡ್ಡ ದೋಣಿಯನ್ನೇ ಯಾರೋ ಹೊತ್ತೊಯ್ದರು.

5/7
14ರ ಬೆಳಿಗ್ಗೆ ಕುಕ್ ಬಂದೂಕುಧಾರಿಗಳ ಜೊತೆ ಕಾವಲೋವಾಗೆ ಇಳಿದ. ಅರಸ ಕಲಾನಿಯೋಪುವನ್ನ ಹಡಗಿಗೆ ಕರ್ಕೊಂಡು ಹೋಗಿ ಒತ್ತೆ ಇಟ್ಕೊಂಡ್ರೆ ದೋಣಿ ವಾಪಸ್ ಬರುತ್ತೆ ಅನ್ನೋದು ಲೆಕ್ಕ. ಬೇರೆ ದ್ವೀಪಗಳಲ್ಲಿ ಈ ಉಪಾಯ ಅವನು ಮಾಡಿದ್ದ.

ವಯಸ್ಸಾದ ಅರಸ ನಂಬಿ ಹೊರಟೇಬಿಟ್ಟ. ದಂಡೆ ಹತ್ತಿರ ಅವನ ರಾಣಿ ಕಾನೆಕಪೋಲೆ ಅಳ್ತಾ ‘ಹೋಗಬೇಡ’ ಅಂತ ತಡೆದಳು. ಅಷ್ಟರಲ್ಲಿ ಕೊಲ್ಲಿಯ ಆಚೆ ಕಡೆ ಇಂಗ್ಲಿಷರು ಒಬ್ಬ ನಾಯಕನನ್ನ ಗುಂಡಿಟ್ಟು ಕೊಂದ ಸುದ್ದಿ ಬಂತು. ಜನ ಮುತ್ತಿದರು. ಕುಕ್ ಗುಂಡು ಹಾರಿಸಿದ. ಅವನಿಗೆ ದೊಣ್ಣೆ ಏಟು ಬಿತ್ತು, ಕಬ್ಬಿಣದ ಬಾಕು ಚುಚ್ಚಿತು. ಆ ಕಬ್ಬಿಣವೂ ಹಡಗಿಂದಲೇ ಬಂದಿದ್ದು. ಕುಕ್ ಜೊತೆ ನಾಲ್ವರು ಸೈನಿಕರು ಸತ್ತರು. ಹವಾಯಿಯವರು ಅದಕ್ಕಿಂತ ಎಷ್ಟೋ ಹೆಚ್ಚು ಜನ.

6/7
ಆಮೇಲೆ ಆಗಿದ್ದು ಕಡಿಮೆ ಜನಕ್ಕೆ ಗೊತ್ತು. ಕೆಲವೇ ದಿನಗಳಲ್ಲಿ ಇಂಗ್ಲಿಷರು ನಾಪೋಪೋ ಕಡೆಯ ಮನೆಗಳಿಗೆ ಬೆಂಕಿ ಇಟ್ರು. ಸುಟ್ಟಿದ್ದರಲ್ಲಿ ಇಷ್ಟು ದಿನ ಊಟ ಕಳಿಸ್ತಿದ್ದ ಪುರೋಹಿತರ ಮನೆಗಳೂ ಸೇರಿದ್ದವು. ಹವಾಯಿಯವರು ಕುಕ್‌ನ ಮೂಳೆಗಳಲ್ಲಿ ಕೆಲವನ್ನ ವಾಪಸ್ ಕೊಟ್ರು. ಅವನ್ನ ಇದೇ ಕೊಲ್ಲಿಯ ನೀರಿಗೆ ಬಿಟ್ಟರು. ಅರಸರ ಮೂಳೆಗೆ ಕೊಡೋ ಮರ್ಯಾದೆಯನ್ನೇ ಅವರು ಕುಕ್‌ನ ಮೂಳೆಗೂ ಕೊಟ್ಟಿದ್ದರು.

ಹಡಗುಗಳ ಜೊತೆ ಲೈಂಗಿಕ ರೋಗಗಳು ಬಂದವು. ಮುಂದೆ ಬಂದ ಹಡಗುಗಳು ದಡಾರ, ಸಿಡುಬು ತಂದವು. 1778ರಲ್ಲಿ ಹವಾಯಿಯ ಜನಸಂಖ್ಯೆ ಕಡಿಮೆ ಅಂದ್ರೂ ಲಕ್ಷಗಟ್ಟಲೆ ಇತ್ತು. 1890ರ ಜನಗಣತಿಯಲ್ಲಿ ಮೂಲನಿವಾಸಿಗಳು, ಅರ್ಧ ರಕ್ತದವರನ್ನೂ ಸೇರಿಸಿ, ಸುಮಾರು 40,000. ಕೊಲ್ಲಿಯಲ್ಲಿ ಎತ್ತರದ ಸ್ಮಾರಕ ಇರೋದು ಒಬ್ಬನಿಗೆ.

7/7
ಈಗ ಮತ್ತೆ ನೀರಿಗೆ ಬರೋಣ. 1969ರಿಂದ ಇದು ಸಂರಕ್ಷಿತ ಕಡಲು. ಪರ್ಮಿಟ್ ಇಲ್ಲದೆ ಕಯಾಕನ್ನ ಕಾವಲೋವಾ ದಂಡೆಗೆ ಹತ್ತಿಸುವಂತಿಲ್ಲ. ಹವಳಕ್ಕೆ ಕೆಡುಕು ಮಾಡೋ ಎರಡು ರಾಸಾಯನಿಕ ಇರೋ ಸನ್‌ಸ್ಕ್ರೀನ್ ಮಾರಾಟ ಹವಾಯಿಯಲ್ಲಿ 2021ರಿಂದ ನಿಷೇಧ. ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿಯೆಲ್ಲ ಆಳದಲ್ಲಿ ಬೇಟೆಯಾಡಿ ಹಗಲು ಇಂಥ ಕೊಲ್ಲಿಗಳಲ್ಲಿ ನಿದ್ದೆ ತೆಗೀತವೆ. ಹಿಂದೆ ದೋಣಿಗಳು ಅವುಗಳ ಹಿಂದೆ ಬೀಳ್ತಿದ್ವು. 2021ರಿಂದ 50 ಗಜದೊಳಗೆ ಹೋಗೋದೇ ಅಪರಾಧ.

ಟೂರಿಸ್ಟ್‌ಗಳಲ್ಲಿ ಕೆಲವರಿಗೆ ಇದು ಕಿರಿಕಿರಿ. ನನಗೆ ಮಾತ್ರ ಇದು ಹೊಸದು ಅನ್ನಿಸಲ್ಲ. ಇಲ್ಲಿ ಕಾಲಿಡಬೇಡ, ಇದನ್ನ ಮುಟ್ಟಬೇಡ, ಈಗ ಬೇಡ ಆಮೇಲೆ ಬಾ: ಈ ಕೊಲ್ಲಿಯವರು 250 ವರ್ಷದ ಹಿಂದೆಯೂ ಇದನ್ನೇ ಹೇಳ್ತಿದ್ರು. ಆ ರಾಣಿ ದಂಡೆಯಲ್ಲಿ ಅಳ್ತಾ ಹೇಳಿದ್ದೂ ಅಷ್ಟೇ, ಇಲ್ಲಿಗೆ ಸಾಕು ಅಂತ. ಅವತ್ತು ಅತಿಥಿ ಕೇಳಿಸ್ಕೊಳ್ಳಲಿಲ್ಲ.

ನಿಮಗೇನನ್ಸುತ್ತೆ? ಆ ಕಂಬದ ಪಕ್ಕ ಇನ್ನೊಂದು ಸ್ಮಾರಕ ನಿಲ್ಲಿಸೋದಾದ್ರೆ ಯಾರದ್ದಿರಬೇಕು? ಕಾಮೆಂಟ್‌ನಲ್ಲಿ ಬರೀರಿ. ಕ್ವಿಜ್ ಆಡೋ ಫ್ರೆಂಡ್‌ಗೆ ಕಳ್ಸಿ.

#ಇತಿಹಾಸ #ಕೆಯಲಕೆಕುವ #ಹವಾಯಿ #ಸ್ನಾರ್ಕೆಲಿಂಗ್ #ಕನ್ನಡದಲ್ಲಿಓದಿ