‘ತಿದ್ದುಪಡಿ’ ಎಂಬ ಪದ ಎಲ್ಲಿಂದ ಬಂತು?



ಶಿವಮೊಗ್ಗ, ಭದ್ರಾವತಿಗಳ ನಡುವಿನ ಮಾಚೇನಹಳ್ಳಿಯಂಥ ಊರುಗಳಲ್ಲಿ ‘ಪಹಣಿ ತಿದ್ದುಪಡಿ’ ಎಂಬ ಮಾತನ್ನು ನೀವು ಹಿರಿಯರಿಂದ ಕೇಳಿರುತ್ತೀರಿ. ಏನಿದರ ಅರ್ಥ?

ಇದರ ಮೂಲ ‘ತಿದ್ದು’, ಹಳಗನ್ನಡದಲ್ಲಿ ‘ತಿರ್ದು’. ತಮಿಳಿನ ‘ತಿರುತ್ತು’ ಇದರ ಬಂಧು. ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಮೇಷ್ಟ್ರು ಬರೆದುಕೊಟ್ಟ ಅಕ್ಷರದ ಮೇಲೆ ಮಗು ಬಳಪ ಆಡಿಸುವುದೂ ತಿದ್ದುವುದೇ. ಇಂಗ್ಲಿಷಿನ ‘ಅಮೆಂಡ್‌ಮೆಂಟ್’ನ ಮೂಲದಲ್ಲಿರುವುದು ಲ್ಯಾಟಿನ್ನಿನ ‘ಮೆಂಡಾ’, ಅಂದರೆ ದೋಷ. ಎರಡು ಪದಗಳ ತಿರುಳೂ ಒಂದೇ: ದೋಷ ತೆಗೆಯುವುದು.

ಆದರೆ ಕಾನೂನಿನ ದೋಷವನ್ನು ತೋರಿಸುವವರು ಯಾರು?

1951ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿ ಭತ್ತ ಅಳೆಯುವ ಕೊಳಗದ ಅನ್ಯಾಯವೇ ಅದಕ್ಕೆ ಕಿಡಿ. ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿ ಭೂಸುಧಾರಣೆಯ ಕಾನೂನುಗಳಿಗೆ ರಕ್ಷಣೆ ನೀಡಿತು. ರಾಜ್ಯದ 1961ರ ಭೂಸುಧಾರಣಾ ಕಾಯ್ದೆ ಬಂದ ಮೇಲೂ ಗೇಣಿ ಪದ್ಧತಿ ಪೂರ್ತಿ ಅಳಿಯಲಿಲ್ಲ. ದೇವರಾಜ ಅರಸು ಸರ್ಕಾರ ಆ ಕಾಯ್ದೆಯನ್ನೇ ತಿದ್ದಿತು. 1974ರ ಮಾರ್ಚ್ 1ರಂದು ತಿದ್ದುಪಡಿ ಜಾರಿಗೆ ಬಂದು, ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಉಳುವವರು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಒಡೆತನ ಪಡೆಯುವಂತಾಯಿತು.

ಕೊಳಗದ ಜಗಳದಿಂದ ಕಾಯ್ದೆಯ ಈ ತಿದ್ದುಪಡಿಗೆ 23 ವರ್ಷ. ತಿದ್ದುವ ಲೇಖನಿ ವಿಧಾನಸಭೆಯಲ್ಲಿತ್ತು, ನಿಜ. ತಪ್ಪಿನ ಕೆಳಗೆ ಗೆರೆ ಎಳೆದವರು ಮಾತ್ರ ಗದ್ದೆಯಲ್ಲಿದ್ದರು.

ನಿಮ್ಮ ಮನೆಯಲ್ಲಿ ಹಳೆಯ ಪಹಣಿ ಇದ್ದರೆ ತೆಗೆದು ನೋಡಿ. ಅಲ್ಲಿ ಯಾರ ಹೆಸರು, ಯಾವ ವರ್ಷ ಬದಲಾಗಿದೆ? ಅಜ್ಜ ಅಜ್ಜಿಯರನ್ನು ಕೇಳಿ.